ಬೇಡ ಅನ್ನುವ ಪೇಶೆಂಟು

ಮೊದಲನೇ ಸಲ ನಾನು ನರ್ಸಿಂಗ್ ಪರೀಕ್ಷೆಯಲ್ಲಿ ಫೇಲಾದದ್ದು ಓದದೆ ಅಲ್ಲ, ಉಪಚಾರ ಜಾಸ್ತಿಯಾಗಿ. ಇದು ನನ್ನ ಮಾತಲ್ಲ. ಹುಬ್ಬಳ್ಳಿಯ ನನ್ನ ಗೆಳತಿ ಮಿಷಿಗನ್ನಿನ ಡಿಯರ್‌ಬಾರ್ನ್ ಊರಿನ ತನ್ನ ಅಡುಗೆಮನೆಯಲ್ಲಿ ಕೂತು ಕೊಟ್ಟ ತೀರ್ಪು. ನಾನಾಗ ಅವಳ ಎದುರು ಮೂಗು ಒರೆಸಿಕೊಳ್ಳುತ್ತಾ, ಚಹಾ ಆರಿಸಿಕೊಳ್ಳುತ್ತಾ, ನನ್ನ ಹಣೆಬರಹವನ್ನು ಬೈಯುತ್ತಿದ್ದೆ.

ನಾವಿಬ್ಬರೂ ಒಂದೇ ಕಮ್ಯುನಿಟಿ ಕಾಲೇಜಿನಲ್ಲಿ ಪ್ರಾಕ್ಟಿಕಲ್ ನರ್ಸಿಂಗ್ ಓದಿದವರು. ಇಡೀ ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅವಳ ಮನೆಯಲ್ಲಿ ಉರ್ದು, ಜಗಳಕ್ಕೆ ಮತ್ತು ಪ್ರೀತಿಗೆ ಹುಬ್ಬಳ್ಳಿ ಕನ್ನಡ. ಗಂಡನಿಗೆ ಅಲ್ಲೇ ಒಂದು ದಿನಸಿ ಅಂಗಡಿ ಇದೆ. ಅವಳು ಒಂದೇ ಏಟಿಗೆ ಪಾಸಾಗಿ, ನೀಲಿ ಯೂನಿಫಾರ್ಮ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ನಾನು ಮಾತ್ರ ನಲವತ್ತು ದಾಟಿದ ಮೇಲೆ, ಹೈಸ್ಕೂಲಿಗೆ ಹೋಗುವ ಮಗಳ ಮುಂದೆ ಫೇಲಾಗಿ ಕೂತಿದ್ದೆ. ಮಗಳು ‘ಇಟ್ಸ್ ಓಕೆ ಮಾಮ್’ ಎಂದು ಬೆನ್ನು ತಟ್ಟಿದಾಗಲಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ನರ್ಸ್ ಲೈಸೆನ್ಸಿಗಾಗಿ ಬರೆಯುವ ಈ ಪರೀಕ್ಷೆಯಲ್ಲಿ ಪಾಠ ಒಪ್ಪಿಸಿದರೆ ನಡೆಯುವುದಿಲ್ಲ. ಕಂಪ್ಯೂಟರಿನ ಮೇಲೆ ಒಬ್ಬ ರೋಗಿಯ ಕಥೆ ಬರುತ್ತದೆ. ಏನೇನು ಕಂಡಿತು, ಕಂಡದ್ದರಲ್ಲಿ ಯಾವುದು ಮುಖ್ಯ, ಏನಾಗಿರಬಹುದು, ಮೊದಲು ಏನು ಮಾಡುತ್ತೀಯ, ಮಾಡಿದ್ದರಿಂದ ಗುಣವಾಯಿತೋ ಇಲ್ಲವೋ ಹೇಗೆ ತಿಳಿಯುತ್ತೀಯ, ಹೀಗೆ ಒಂದರ ಹಿಂದೆ ಒಂದು ಕೇಳುತ್ತಾ ಹೋಗುತ್ತದೆ. ಇದಕ್ಕೆ ಕ್ಲಿನಿಕಲ್ ಜಡ್ಜ್‌ಮೆಂಟ್ ಎಂದು ಹೆಸರು. ಸಿಟ್ಟು ಬರುವುದು ಎಲ್ಲೆಂದರೆ, ಆರಿಸಲು ಕೊಟ್ಟ ಉತ್ತರಗಳೆಲ್ಲ ಒಳ್ಳೆಯವರ ಹಾಗೇ ಕಾಣುತ್ತವೆ. ಅವುಗಳಲ್ಲಿ ಈ ಹೊತ್ತಿಗೆ, ಈ ರೋಗಿಗೆ, ಮೊದಲು ಯಾವುದು ಎಂದು ಆರಿಸಬೇಕು.

ಗೆಳತಿ ಲ್ಯಾಪ್‌ಟಾಪ್ ತೆರೆದು ನಾನು ಪ್ರಾಕ್ಟೀಸಿನಲ್ಲಿ ತಪ್ಪು ಮಾಡಿದ ಪ್ರಶ್ನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು. ಮುದುಕರೊಬ್ಬರು ಬೆಳಗಿನ ಮಾತ್ರೆ ಬೇಡ ಅನ್ನುತ್ತಾರೆ, ಏನು ಮಾಡುತ್ತೀಯ? ನಾನು ಆರಿಸಿದ್ದು, ಮಾತ್ರೆ ಪುಡಿ ಮಾಡಿ ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವುದು. ಅಲ್ಲ, ನಮ್ಮ ಮನೆಯಲ್ಲಿ ಎಷ್ಟು ಮಾತ್ರೆಗಳು ಬಾಳೆಹಣ್ಣಿನೊಳಗೆ ಕೂತು ಎಷ್ಟು ಗಂಟಲು ಇಳಿದಿಲ್ಲ! ಇಲ್ಲಿ ಅದು ರೋಗಿಗೆ ಮಾಡಿದ ಮೋಸ. ಇನ್ನೊಬ್ಬ ಹೆಂಗಸು ಊಟ ಬೇಡ ಅನ್ನುತ್ತಾಳೆ. ನಾನು, ಸ್ವಲ್ಪ ಹೊತ್ತು ಬಿಟ್ಟು ಬೇರೆ ತಿಂಡಿ ತಂದು ಒತ್ತಾಯ ಮಾಡು ಎಂದಿದ್ದೆ. ಆಪರೇಷನ್‌ಗೆ ಹೆದರಿದವಳಿಗೆ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದಿದ್ದೆ. ಅದೂ ತಪ್ಪು. ಏನೂ ಆಗುವುದಿಲ್ಲವೆಂದು ನಿನಗೆ ಹೇಗೆ ಗೊತ್ತು ಎನ್ನುತ್ತದೆ ಪರೀಕ್ಷೆ.

ಗೆಳತಿ ಲ್ಯಾಪ್‌ಟಾಪ್ ಮುಚ್ಚಿದಳು. “ಪೇಶಂಟ್ ಏನ್ ನಿನ್ನ ಬೀಗರೇನ? ಬ್ಯಾಡ ಬ್ಯಾಡ ಅಂದ್ರೂ ಬಡಸ್ಕೋಂತ ಹೊಂಟೀಯಲ್ಲ.”

ನನಗೆ ಮೈಯೆಲ್ಲ ಉರಿಯಿತು. ಅವಳ ಚಹಾ ಕುಡಿದು ಅವಳ ಮೇಲೇ ಹರಿಹಾಯ್ದೆ. ನಮ್ಮ ಕಡೆ ಮೊದಲನೇ ‘ಬೇಡ’ ಬರೀ ಮರ್ಯಾದೆಗೆ ಹೇಳುವುದು. ಎರಡನೆಯದು, ಇವರು ನಿಜವಾಗಿಯೂ ಕೊಡುತ್ತಾರೋ ಬಾಯಿಮಾತಿಗೆ ಕೇಳುತ್ತಿದ್ದಾರೋ ಎಂದು ತೂಗಿ ನೋಡುವುದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಅದು ಬೇಡ, ಆಗಲೂ ಬೆರಳ ಸಂದಿಯಲ್ಲಿ ಒಂದು ಸೌಟು ಸಾರು ಹೋಗಿಯೇ ಹೋಗುತ್ತದೆ. ಮೊದಲನೇ ಬೇಡಕ್ಕೇ ಪಾತ್ರೆ ಎತ್ತಿಕೊಂಡು ಹೊರಟವಳನ್ನು ಮನುಷ್ಯಳು ಎನ್ನುತ್ತಾರೆಯೇ? ಅವಳು ನಗುತ್ತಾ, ಹುಬ್ಬಳ್ಳಿಯಲ್ಲೂ ಹಾಗೇ, ಆದರೆ ತಾನು ಯೂನಿಫಾರ್ಮ್ ಹಾಕುವಾಗ ಹುಬ್ಬಳ್ಳಿಯನ್ನು ಕಾರಿನಲ್ಲಿ ಬಿಟ್ಟು ಹೋಗುತ್ತೇನೆ ಎಂದಳು.

ಎರಡನೇ ಸಲ ಬರೆಯಲು ಒಂದೂವರೆ ತಿಂಗಳು ಕಾಯಲೇಬೇಕು, ಅದು ನಿಯಮ. ನಾರ್ತ್‌ವಿಲ್‌ನಲ್ಲಿ ನಮ್ಮ ಮನೆಯ ಹತ್ತಿರದ, ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿ ನಾನಾಗಲೇ ಸಹಾಯಕಿಯಾಗಿದ್ದೆ. ಲೈಸೆನ್ಸ್ ತಂದರೆ ನರ್ಸ್ ಕೆಲಸ ನಿಮ್ಮದೇ, ಬೇಸಿಗೆ ಮುಗಿಯುವವರೆಗೆ ಖಾಲಿ ಇಟ್ಟಿರುತ್ತೇವೆ ಎಂದಿದ್ದರು. ನಾನೂ ಮನೆಯಲ್ಲಿ ಹೇಳಿಬಿಟ್ಟಿದ್ದೆ, ಇನ್ನೊಂದು ಸಲ ಬರೆಯುತ್ತೇನೆ, ಆಗದಿದ್ದರೆ ಈ ಸಹವಾಸವೇ ಬೇಡ, ಪುಸ್ತಕಗಳನ್ನು ಕಟ್ಟಿ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು. ನಾನು ಹಟಮಾರಿ, ಹೇಳಿದರೆ ಮಾಡುವವಳೇ. ಅದು ಎಲ್ಲರಿಗೂ ಗೊತ್ತಿತ್ತು.

ಸರಿಯಾಗಿ ಅದೇ ಸಮಯಕ್ಕೆ ನಮ್ಮ ಅತ್ತೆ ಮೈಸೂರಿನಿಂದ ಬಂದಿಳಿದರು, ಆರು ತಿಂಗಳು ಇರಲು. ಬೇಡ ಅನ್ನುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರನ್ನು ನಾನು ಇವತ್ತಿಗೂ ಕಂಡಿಲ್ಲ. ಕಾಫಿ ಬೇಡ, ಹೊದಿಕೆ ಬೇಡ, ಕಾರಿನಲ್ಲಿ ಮುಂದಿನ ಸೀಟು ಬೇಡ. ಹೇಗಿದ್ದೀರಿ ಅಂದರೆ ‘ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ’. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ, ಅದನ್ನೂ ಯಾರದೋ ಮಾತ್ರೆ ತಮ್ಮ ಕೈಗೆ ಬಂದಿದೆ ಅನ್ನುವ ಹಾಗೆ. ಗೆಳತಿಗೆ ಇದನ್ನು ಫೋನಿನಲ್ಲಿ ಹೇಳಿದೆನೋ ಇಲ್ಲವೋ, ಅವಳು ಕುಣಿದಾಡಿದಳು. ಬ್ಯಾಡ ಅನ್ನೋ ಪೇಶಂಟು ಮನೀಗೇ ಬಂದಾಳ, ಇನ್ನೇನು ಬೇಕು ನಿನಗೆ ಎಂದಳು. ಅವಳ ಕಟ್ಟಳೆ ಇಷ್ಟು: ಅತ್ತೆ ಬೇಡ ಅಂದರೆ ಎರಡನೇ ಸಲ ಕೇಳುವಂತಿಲ್ಲ. ನೋಡಬೇಕು. ಕಂಡದ್ದನ್ನು ಹೇಳಬೇಕು. ‘ಯಾಕೆ’ ಎಂದು ಕೇಳುವಂತಿಲ್ಲ, ಅದು ಪೊಲೀಸರ ಪ್ರಶ್ನೆ. ಅವರೇ ಬಾಯಿ ಬಿಡುವ ಹಾಗೆ ಕೇಳಬೇಕು.

ಮಾರನೇ ದಿನ ಬೆಳಿಗ್ಗೆ ಕಾಫಿ ಬೆರೆಸಿ, ಕೊಡಲಾ ಅತ್ತೆ ಎಂದೆ. “ಬೇಡಮ್ಮ” ಎಂದರು. ನಾನು ‘ಸರಿ ಅತ್ತೆ’ ಎಂದು ಲೋಟ ಎತ್ತಿಕೊಂಡು ವಾಪಸ್ಸು ಬಂದು, ಅಡುಗೆಮನೆಯಲ್ಲಿ ನಿಂತು ನಾನೇ ಕುಡಿದೆ. ಮಧ್ಯಾಹ್ನ ಇನ್ನೊಂದು ಚಪಾತಿ ಹಾಕಲಾ ಎಂದೆ. ಬೇಡ ಎಂದರು. ಬಿಟ್ಟೆ. ನಾನು ಕೂಡಲೇ ಬಿಟ್ಟದ್ದನ್ನು ಕಂಡು ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ತಟ್ಟೆ ನೋಡಿದರು.

ಎರಡು ದಿನಕ್ಕೆ ಮನೆಯಲ್ಲಿ ಬೆಂಕಿ ಹತ್ತಿಕೊಂಡಿತು. ಅತ್ತೆ ಮೈಸೂರಿನ ಮಗಳಿಗೆ ವಾಟ್ಸಾಪ್ ಮಾಡಿ, ಇಲ್ಲಿ ಎಲ್ಲ ಚೆನ್ನಾಗಿದೆ, ಮನೆ ದೊಡ್ಡದು, ಕಾಫಿ ಮಾತ್ರ ಕೇಳಿ ಪಡೆಯಬೇಕು ಎಂದರಂತೆ. ನಾದಿನಿ ಅಣ್ಣನಿಗೆ ಹೇಳಿದಳು. ಅಣ್ಣ, ಅಂದರೆ ನಮ್ಮವರು, ಡಿಯರ್‌ಬಾರ್ನಿನ ಆಫೀಸಿನಿಂದ ಬಂದವರು ಶೂ ಕೂಡ ಬಿಚ್ಚದೆ, ನಮ್ಮಮ್ಮನಿಗೆ ಕಾಫಿ ಕೊಡದೇ ಇರೋದು ಯಾವ ಸಿಲಬಸ್ಸಿನಲ್ಲಿದೆ ಎಂದು ಕೇಳಿದರು. ಇದೆ ಎಂದೆ. ಪುಸ್ತಕ ತಂದು ಪುಟ ತೆಗೆದು ತೋರಿಸಿದೆ, ರೋಗಿಗೆ ನಿರಾಕರಿಸುವ ಹಕ್ಕು. ಅಮ್ಮ ರೋಗಿಯಲ್ಲ ಎಂದು ಅವರು, ಪ್ರಾಕ್ಟೀಸಿಗೆ ರೋಗಿ ಎಂದು ನಾನು. ಮಗಳು ಮೆಟ್ಟಿಲ ಮೇಲೆ ಕೂತು, ‘ದಿಸ್ ಈಸ್ ಸೋ ಗುಡ್’ ಎಂದು ನಗುತ್ತಿದ್ದಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದರು. ಹಾಗಾದರೆ ನಾನು ಪೇಶೆಂಟಾ ಎಂದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಫೇಲಾದದ್ದು, ಒತ್ತಾಯ, ಬೀಗರು, ಎಲ್ಲ. ಬೈಗುಳಕ್ಕೆ ಕಾದೆ. ಅವರು ಸೋಫಾದ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, “ಯಾವ ಕಾಯಿಲೆ ಕೊಡ್ತೀಯ ನಂಗೆ?” ಎಂದರು.

ಮರೆತೇಬಿಟ್ಟಿದ್ದೆ. ಅತ್ತೆ ಕನ್ನಡ ಮೇಡಂ ಆಗಿದ್ದವರು, ಪ್ರತಿ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿದವರು. ಸ್ಟೇಜಿನ ಪಕ್ಕದಲ್ಲಿ ನಿಂತು ಎಲ್ಲರ ಮಾತನ್ನೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದವರಿಗೆ ಕೊನೆಗೂ ಒಂದು ಪಾತ್ರ ಸಿಕ್ಕಿತು. ಮೊದಲ ದಿನ ನಾನು ಹೇಳಿಕೊಟ್ಟ ನ್ಯುಮೋನಿಯಾ ಮಾಡಿದರು. ಕೆಮ್ಮು ಸ್ವಲ್ಪ ಅತಿಯಾಯಿತು. ಮೂರನೇ ದಿನದಿಂದ ನನ್ನನ್ನು ಕೇಳುವುದನ್ನೇ ಬಿಟ್ಟು, ಮೊಮ್ಮಗಳ ಕೈಯಲ್ಲಿ ನನ್ನ ಪುಸ್ತಕ ಓದಿಸಿಕೊಂಡು ತಾವೇ ಕಾಯಿಲೆ ಆರಿಸತೊಡಗಿದರು. ಅವಳು ಇಂಗ್ಲಿಷಿನಲ್ಲಿ ವಿವರಿಸುವುದು, ಇವರು ಕನ್ನಡದಲ್ಲಿ ಪ್ರಶ್ನೆ ಕೇಳುವುದು. ಅಜ್ಜಿ ಮೊಮ್ಮಗಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಆ ದಿನಗಳ ಉತ್ಸಾಹವನ್ನು ಹೇಗೆ ಹೇಳಲಿ! ಕೆಲಸದಿಂದ ಮನೆಗೆ ಬರುವಾಗ ಹಸಿವಿಗಿಂತ ಮೊದಲು, ಇವತ್ತು ಅತ್ತೆಗೆ ಏನಾಗಿರಬಹುದು ಎಂಬ ಕುತೂಹಲ. ಬಾಗಿಲು ತೆಗೆದರೆ ಅತ್ತೆ ಟೀವಿ ನೋಡುತ್ತಾ ಕೂತಿರುತ್ತಾರೆ. ಚೆನ್ನಾಗಿದ್ದೀರಾ? ಚೆನ್ನಾಗಿದೀನಿ. ಏನಾದರೂ ಬೇಕಾ? ಬೇಡ. ಅಷ್ಟೇ ಸಿಗುವುದು. ಇನ್ನುಳಿದದ್ದನ್ನು ಕಣ್ಣಲ್ಲಿ ಹೆಕ್ಕಬೇಕು. ಒಂದು ದಿನ ಸಾಕ್ಸಿನ ಮೇಲೆ ಹಾಕಿದ್ದ ಚಪ್ಪಲಿಯ ಪಟ್ಟಿಯನ್ನು ಬೇಕೆಂದೇ ಸಡಿಲ ಮಾಡಿಕೊಂಡು, ರಾತ್ರಿ ದಿಂಬು ಎರಡು ಬೇಕೆಂದು ಮೊಮ್ಮಗಳಿಗೆ ನನಗೆ ಕೇಳುವ ಹಾಗೆ ಹೇಳಿದರು. ಕಾಲು ಊದಿದೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ಹೃದಯ ಸೋಲುತ್ತಿದೆ ಎಂದು ನಾನು ಕೂಗಿದರೆ, ಅವರು ಮಕ್ಕಳ ಉತ್ತರಪತ್ರಿಕೆಗೆ ಕೊಡುವಂತೆ ಗಾಳಿಯಲ್ಲಿ ಒಂದು ‘ರೈಟ್’ ಹಾಕಿದರು. ಇನ್ನೊಂದು ದಿನ ನಾನು ಸಾಕ್ಸ್ ಹಾಕಿದ್ದ ಕಾಲಿನ ಊತ ನೋಡಿದೆ, ಕೈಯುಗುರು ನೋಡಿದೆ, ನಾಡಿ ಹಿಡಿದೆ, ಏನೂ ಹೊಳೆಯಲಿಲ್ಲ. ಅವರು ಬೆಳಗಿನಿಂದ ಎಡಗೈಯಲ್ಲಿ ಏನನ್ನೂ ಎತ್ತಿರಲಿಲ್ಲವಂತೆ. ಪಾರ್ಶ್ವವಾಯುವನ್ನು ಕಣ್ಣೆದುರಿಗೆ ಇಟ್ಟುಕೊಂಡು ನಾನು ಉಗುರು ನೋಡುತ್ತಿದ್ದೆ. ಅತ್ತೆ ಅವತ್ತು ಸೊನ್ನೆ ಕೊಟ್ಟರು, ಸೊನ್ನೆಯ ಕೆಳಗೆ ಎರಡು ಗೆರೆ ಎಳೆಯುವ ಅಭಿನಯವನ್ನೂ ಮಾಡಿದರು.

ಪ್ರಾಕ್ಟೀಸ್ ಪ್ರಶ್ನೆಗಳಲ್ಲೂ ನನ್ನ ಕೈ ತಾನಾಗಿ ಸರಿಯಾದ ಉತ್ತರದ ಕಡೆ ಹೋಗತೊಡಗಿತು. ಗೆಳತಿ ಫೋನಿನಲ್ಲಿ ‘ಭಾಳ ಚಲೋ’ ಎಂದಳು. ಅವಳ ಬಾಯಲ್ಲಿ ಅದು ಬರುವುದು ಅಪರೂಪ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಪರೀಕ್ಷೆಗೆ ಇನ್ನೊಂದು ವಾರ ಇರುವಾಗ ಒಂದು ದಿನ ಸಂಜೆ ಕೆಲಸ ಮುಗಿಸಿ ಮನೆಗೆ ಬಂದೆ. ಸಂಜೆ ಎಂದರೆ ಮಿಷಿಗನ್ ಬೇಸಿಗೆಯ ಸಂಜೆ, ಎಂಟು ಗಂಟೆಗೂ ಕಣ್ಣು ಕುಕ್ಕುವ ಬಿಸಿಲು. ನಮ್ಮವರು ಇನ್ನೂ ಫ್ರೀವೇ ಟ್ರಾಫಿಕ್ಕಿನಲ್ಲಿದ್ದರು. ಮಗಳು ಮೇಲೆ ತನ್ನ ಕೋಣೆಯಲ್ಲಿದ್ದಳು. ಅತ್ತೆ ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕೂತಿದ್ದರು. ಊಟ ಬಡಿಸಲಾ ಅತ್ತೆ ಎಂದೆ. ಬೇಡ ಎಂದರು. ಸರಿ, ಇವತ್ತಿನ ಆಟ ಶುರುವಾಯಿತು ಎಂದು ಬ್ಯಾಗನ್ನು ಅಲ್ಲೇ ಎಸೆದು ಎದುರು ನಿಂತೆ.

ಹಣೆಯಲ್ಲಿ ಬೆವರು. ನೀರು ಚಿಮುಕಿಸಿಕೊಂಡಿದ್ದಾರೆ, ಭಲೇ ಅತ್ತೆ ಎಂದುಕೊಂಡೆ. ಮುಖ ಬಿಳಿಚಿದೆ, ಬಹುಶಃ ಮೊಮ್ಮಗಳ ಪೌಡರು. ಕೈಬೆರಳು ಸಣ್ಣಗೆ ನಡುಗುತ್ತಿವೆ, ಇದಂತೂ ಅಮೋಘ. ನಾನು ಒಂದೊಂದನ್ನೇ ಜೋರಾಗಿ ಹೇಳುತ್ತಾ ಅವರ ಕೈ ಹಿಡಿದೆ. ಕೈ ತಣ್ಣಗೆ, ಜಿಗುಟಾಗಿತ್ತು. ಅಷ್ಟನ್ನು ಯಾರೂ ಅಭಿನಯಿಸಲಾರರು.

“ಅತ್ತೆ, ಇದು ಆಟವಾ?”

“ಯಾವ ಆಟ? ಸುಮ್ನೆ ಹೋಗೆ ಆಚೆ” ಎಂದರು. ನಮ್ಮ ಅತ್ತೆ ನನಗೆ ಹಾಗೆ ಎಂದೂ ಹೇಳಿದವರಲ್ಲ. ಆ ಸಿಡುಕು ಕೂಡ ಒಂದು ಲಕ್ಷಣ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಓಡಿಹೋಗಿ ಅವರ ಸಕ್ಕರೆ ನೋಡುವ ಮೀಟರು ತಂದಿದ್ದೆ. ಬೆರಳು ಚುಚ್ಚಿದರೆ ಐವತ್ತೆರಡು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು. ಏನು ತಿಂದಿದ್ದೀರಿ ಎಂದರೆ ಏನೂ ಇಲ್ಲ, ನೀರು. ಬೆಳಿಗ್ಗೆ ಮಾತ್ರೆ? ಅದನ್ನು ಮಾತ್ರ ತಪ್ಪದೆ ತೆಗೆದುಕೊಂಡಿದ್ದಾರೆ. ಅದು ಹೊಟ್ಟೆ ಖಾಲಿಯಿದ್ದರೂ ಸಕ್ಕರೆ ಇಳಿಸುವ ಜಾತಿಯ ಮಾತ್ರೆ. ಅವತ್ತು ಸಂಕಷ್ಟಿ. ಚಂದ್ರನನ್ನು ನೋಡುವ ತನಕ ಉಪವಾಸ. ಮೈಸೂರಿನಲ್ಲಿ ಹಾಲು ಹಣ್ಣು ತೆಗೆದುಕೊಂಡು ಮಾಡುತ್ತಿದ್ದವರು ಈ ಸಲ ಬರೀ ನೀರಿನ ಮೇಲೆ ಕೂತಿದ್ದಾರೆ, ನನಗೆ ಒಂದು ಮಾತೂ ಹೇಳಿಲ್ಲ.

ಮಗಳನ್ನು ಕೂಗಿ ಕಿತ್ತಳೆ ಜ್ಯೂಸ್ ತರಿಸಿದೆ. ಲೋಟ ಮುಂದೆ ಹಿಡಿದೆ. ಬೇಡ ಎಂದರು. ಒಂದೇ ಒಂದು ಗುಟುಕು ಅತ್ತೆ ಎಂದೆ. ಬೇಡ. ನನಗೋಸ್ಕರ ಎಂದೆ. ಅವರು ತುಟಿ ಬಿಗಿದುಕೊಂಡು ಮುಖ ತಿರುಗಿಸಿದರು. ಅಷ್ಟು ದಿನ ಕಲಿತದ್ದೆಲ್ಲ ಗಾಳಿಗೆ ಹೋಗಿ, ನಾನು ಮತ್ತೆ ಎಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಇನ್ನೊಂದು ಸಲ ಬಲವಂತ ಮಾಡಿದರೆ ಲೋಟವನ್ನೇ ತಳ್ಳುತ್ತಾರೆ ಎಂದು ಅವರ ದವಡೆ ನೋಡಿದರೇ ತಿಳಿಯುತ್ತಿತ್ತು. ಲೋಟ ಪಕ್ಕಕ್ಕೆ ಇಟ್ಟು ಅವರ ಕಾಲ ಬಳಿ ನೆಲದ ಮೇಲೆ ಕೂತೆ. ನನ್ನ ಮುಖ ಅವರಿಗೆ ಕಾಣುವ ಹಾಗೆ ಕೂತೆ.

“ಅತ್ತೆ, ನಿಮ್ಮ ಕೈ ನಡುಗ್ತಿದೆ. ಮೈ ತಣ್ಣಗೆ ಬೆವರ್ತಿದೆ. ಸಕ್ಕರೆ ತುಂಬ ಕೆಳಗಿಳಿದಿದೆ. ಇವತ್ತಿನ ಉಪವಾಸದ ವಿಷಯ ನಂಗೆ ಹೇಳಿ.”

ಅವರು ಆಕಾಶವನ್ನೇ ನೋಡುತ್ತಿದ್ದರು. ಮಾತು ನಿಧಾನವಾಗಿ, ತೊದಲುತ್ತಾ ಬಂತು. “ನಿನ್ನ ಪರೀಕ್ಷೆಗೆ ಕಣೆ. ಪಾಸಾಗ್ಲಿ ಅಂತ ಗಣಪತಿಗೆ ಹೇಳ್ಕೊಂಡಿದೀನಿ. ಚಂದ್ರನ್ನ ನೋಡೋವರೆಗೂ ಏನೂ ಮುಟ್ಟಲ್ಲ ಅಂತ.”

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಚಂದ್ರ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಒಂಬತ್ತು ಇಪ್ಪತ್ತು, ಪಂಚಾಂಗದಲ್ಲಿ ನೋಡಿದ್ದೇನೆ ಎಂದರು. ಅದು ಮೈಸೂರಿನ ಹೊತ್ತು. ಇಲ್ಲಿ ಆ ಹೊತ್ತಿಗೆ ಸೂರ್ಯನೇ ಮುಳುಗಿದರೆ ಪುಣ್ಯ, ಬೇಸಿಗೆಯಲ್ಲಿ ಚೌತಿಯ ಚಂದ್ರ ಹುಟ್ಟುವುದು ಹನ್ನೊಂದು ದಾಟಿದ ಮೇಲೆ. ಅದನ್ನು ಹೇಳಿದೆ. ಅವರು ಮೇಪಲ್ ಮರಗಳ ಮೇಲಿನ ಬಿಸಿಲನ್ನು ನೋಡಿದರು, ಕೈಗಡಿಯಾರ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಮುರಿಯೋದು ಬಿಡೋದು ನಿಮ್ಮಿಷ್ಟ ಅತ್ತೆ, ನಾನು ಒತ್ತಾಯ ಮಾಡಲ್ಲ. ಆದ್ರೆ ಇನ್ನು ಸ್ವಲ್ಪ ಹೊತ್ತಿಗೆ ತೀರ್ಮಾನ ಮಾಡೋಕೆ ನಿಮಗೇ ಎಚ್ಚರ ಇರಲ್ಲ. ಆಗ ನಾನು ಆಂಬ್ಯುಲೆನ್ಸ್ ಕರೀತೀನಿ. ಈಗಾದ್ರೆ ನಿಮ್ಮ ಕೈಯಲ್ಲಿದೆ.”

ಮಗಳು ಬಾಗಿಲಲ್ಲಿ ಫೋನ್ ಹಿಡಿದುಕೊಂಡು ನಿಂತಿದ್ದಳು, ನಾನು ತಲೆಯಾಡಿಸಿದರೆ ಸಾಕು ಒತ್ತಲು. ಅತ್ತೆ ಕೈ ಚಾಚಿದರು. ನಾನು ಕುಡಿಸಲು ಹೋದರೆ, “ನಾನೇ ಕುಡೀತೀನಿ” ಎಂದು ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಗಟಗಟ ಕುಡಿದರು. ಕಾಲು ಗಂಟೆ ಬಿಟ್ಟು ಮತ್ತೆ ಬೆರಳು ಚುಚ್ಚಿದೆ, ಎಪ್ಪತ್ತೆಂಟು. ಅನ್ನ ಮೊಸರು ಕಲೆಸಿ ಕೊಟ್ಟೆ. ಡಾಕ್ಟರ ಕಚೇರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಆಗಾಗ ಸಕ್ಕರೆ ನೋಡುತ್ತಾ ಮರುದಿನದ ಮಾತ್ರೆ ನಿಲ್ಲಿಸಿದೆ. ಭಯ ಇಳಿದ ಮೇಲೆ ನನಗೆ ಎಂಥ ಹುಚ್ಚು ಸಂತೋಷವಾಯಿತೆಂದರೆ, ಸಿಂಕಿನ ಮುಂದೆ ನಿಂತು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ. ನನಗೆ ಬರುತ್ತದೆ. ಈ ಕೆಲಸ ನನಗೆ ಬರುತ್ತದೆ. ಯಾವ ಕಂಪ್ಯೂಟರೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಆದರೆ ಅತ್ತೆ ಮಂಕಾದರು. ಮಾರನೇ ದಿನದಿಂದ ಆಟವಿಲ್ಲ, ಕಾಯಿಲೆಯಿಲ್ಲ, ರೈಟೂ ಇಲ್ಲ, ಸೊನ್ನೆಯೂ ಇಲ್ಲ. ದೇವರ ಮುಂದೆ ಕೂತವರು ಏಳುತ್ತಲೇ ಇರಲಿಲ್ಲ. ಕೊನೆಗೆ ನನ್ನ ಮಗಳ ಹತ್ತಿರ ಹೇಳಿದರಂತೆ, ನಿನ್ನಮ್ಮ ಫೇಲಾದರೆ ಅದು ನನ್ನಿಂದಲೇ, ಹೇಳಿಕೊಂಡದ್ದನ್ನು ನಡುವೆ ಮುರಿದೆ ಎಂದು. ಮಗಳು ಬಂದು ‘ಯು ಹ್ಯಾವ್ ಟು ಪಾಸ್’ ಎಂದಳು, ನಗದೆ. ನಾನು ಅತ್ತೆಯ ಹತ್ತಿರ ಹೋಗಿ ‘ಏನೂ ಆಗಲ್ಲ’ ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅದು ತಪ್ಪು ಉತ್ತರ. ಏನೂ ಆಗುವುದಿಲ್ಲವೆಂದು ನನಗೇನು ಗೊತ್ತು? ನಾನು ಫೇಲಾದರೆ ಕೆಲಸ ಹೋಗುತ್ತದೆ, ಅದು ಹಾಳಾಗಿ ಹೋಗಲಿ. ಈ ಹೆಂಗಸು ಬದುಕಿರುವ ತನಕ ಒಂದು ಲೋಟ ಜ್ಯೂಸನ್ನು ಬೈದುಕೊಳ್ಳುತ್ತಾ ಕೂರುತ್ತಾರೆ. ಅದಕ್ಕೆ ಇದ್ದದ್ದು ಒಂದೇ ಔಷಧ, ನಾನು ಪಾಸಾಗುವುದು.

ಆ ವಾರ ನಾನು ಓದಿದ ಹಾಗೆ ಎಸ್ಸೆಸ್ಸೆಲ್ಸಿಗೂ ಓದಿಲ್ಲ. ಗೆಳತಿ ಕೆಲಸದ ಬ್ರೇಕಿನಲ್ಲಿ ಫೋನ್ ಮಾಡಿ, ನಮಸ್ಕಾರವೂ ಇಲ್ಲದೆ ರೋಗಿಯ ಕಥೆ ಶುರುಮಾಡುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಾ, ಕಾರು ಓಡಿಸುತ್ತಾ, ಪಟೇಲರ ಇಂಡಿಯನ್ ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿಯುತ್ತಾ ಉತ್ತರ ಹೇಳುತ್ತಿದ್ದೆ. ಪಕ್ಕದಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಆಂಟಿಯೊಬ್ಬರು ನನ್ನ ಬಾಯಲ್ಲಿ ರಕ್ತ, ಕಫ, ಮೂತ್ರ ಕೇಳಿ ಗಾಡಿ ತಳ್ಳಿಕೊಂಡು ದೂರ ಹೋದರು.

ಪರೀಕ್ಷೆಯ ಕೇಂದ್ರದಲ್ಲಿ ಜೇಬು ಹೊರಗೆ ತಿರುಗಿಸಿ ತೋರಿಸಬೇಕು, ಅಂಗೈ ಸ್ಕ್ಯಾನ್ ಮಾಡಿಸಬೇಕು. ನನ್ನ ಅಂಗೈ ಬೆವೆತು ಯಂತ್ರ ಎರಡು ಸಲ ತಿರಸ್ಕರಿಸಿತು. ಕೂತ ಮೇಲೆ ಮಾತ್ರ ಆಶ್ಚರ್ಯ. ಪ್ರಶ್ನೆಗಳು ಬರುತ್ತಿದ್ದಂತೆ ನನಗೆ ಪದಗಳು ಕಾಣಲಿಲ್ಲ, ಕುರ್ಚಿಯಲ್ಲಿ ಕೂತ ಮನುಷ್ಯರು ಕಂಡರು. ಯಾರ ಉಸಿರು ಮೇಲಾಗುತ್ತಿದೆ, ಯಾರು ಸುಳ್ಳೇ ಚೆನ್ನಾಗಿದ್ದೇನೆ ಎನ್ನುತ್ತಿದ್ದಾರೆ, ಯಾರ ಹತ್ತಿರ ಮೊದಲು ಹೋಗಬೇಕು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಬರೆಯುತ್ತಿದ್ದೆ. ಇನ್ನೂ ಬರಲಿ ಎಂದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದಂತೆ ತಾನೇ ಮುಗಿಸಿಬಿಟ್ಟಿತು. ಬೇಗ ಮುಗಿದರೆ ಎರಡೇ ಅರ್ಥ, ಒಂದೋ ಖಂಡಿತ ಪಾಸು, ಇಲ್ಲ ಖಂಡಿತ ಫೇಲು. ಮನೆಗೆ ಬಂದರೆ ಅತ್ತೆ ಒಮ್ಮೆ ನನ್ನ ಮುಖ ನೋಡಿ, ಮತ್ತೆ ದೇವರ ಮುಂದೆ ಹೋಗಿ ಕೂತರು.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಮಗಳು ಸ್ಕ್ರೀನ್ ನೋಡಿ ಕಿರುಚಿದಳು. ನಾನು ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಪಾಸ್. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು. ನಮ್ಮವರು ಆಫೀಸಿನ ಮೀಟಿಂಗಿನಿಂದಲೇ ಫೋನಿನಲ್ಲಿ ಕೂಗಿದರು. ಗೆಳತಿ ಅತ್ತಳು, ಆಮೇಲೆ ಬೈದಳು, ಆಮೇಲೆ ಬಿರಿಯಾನಿ ತರುತ್ತೇನೆ ಎಂದಳು. ಮಗಳು ನನ್ನನ್ನು ಎತ್ತಲು ನೋಡಿ ಇಬ್ಬರೂ ಕಾರ್ಪೆಟ್ಟಿನ ಮೇಲೆ ಬಿದ್ದೆವು. ಅತ್ತೆ ಮಾತ್ರ ಹೊರಗೆ ಬರಲಿಲ್ಲ.

ಅವರ ಕೋಣೆಗೆ ಓಡಿದೆ. ಮಂಚದ ಮೇಲೆ ಕೂತಿದ್ದರು. ಪಾಸಾದೆ ಅತ್ತೆ ಎಂದೆ. ನಿಜವಾಗಿಯೂ ಎಂದರು. ನಿಜವಾಗಿಯೂ ಎಂದೆ. ಮುರಿದರೂ ಎಂದರು. ಮುರಿದರೂ ಎಂದೆ. ಅವರ ಕಣ್ಣಿನಿಂದ ದಳದಳ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳದೆ, “ಬಾಗಿಲು ಹಾಕು” ಎಂದರು. ಹಾಕಿದೆ.

ಅವರು ಬಗ್ಗಿ ಬಲಗಾಲಿನ ಸಾಕ್ಸ್ ನಿಧಾನವಾಗಿ ಬಿಚ್ಚಿದರು. ಹೆಬ್ಬೆರಳ ಕೆಳಗೆ ಒಂದು ಹುಣ್ಣು, ನಾಲ್ಕಾಣೆ ಅಗಲ, ಅಂಚು ಕಪ್ಪಾಗಿತ್ತು. ನೋವಿದೆಯಾ ಎಂದೆ. ಅದೇ ಇಲ್ಲ, ಪಾದ ಇದೆ ಅಂತಲೇ ಗೊತ್ತಾಗುವುದಿಲ್ಲ, ಮೈಸೂರಿನಲ್ಲಿ ವಿಮಾನ ಹತ್ತುವ ಮೊದಲಿನಿಂದಲೂ ಹೀಗೇ ಎಂದರು. ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಅವರ ಮುಖ ನೋಡಿದೆ.

“ಸೊಸೆಗೆ ಹೇಳಿದ್ರೆ ಮನೆಗೆಲ್ಲ ಹೇಳ್ದಂಗೆ” ಎಂದರು ಅತ್ತೆ. “ಮಗ ಹೆದರ್ಕೊಂಡು ನಾಳೆನೇ ಮೈಸೂರಿಗೆ ವಾಪಸ್ ಟಿಕೆಟ್ ತೆಗೀತಿದ್ದ. ನರ್ಸು ಆದ್ರೆ ಯಾರಿಗೂ ಹೇಳಲ್ವಂತಲ್ಲ, ಪುಸ್ತಕದಲ್ಲಿ ಇದೆಯಂತೆ, ಪುಟ್ಟಿ ಓದಿದ್ಲು. ಅದಕ್ಕೇ ನೀನು ಪಾಸಾಗ್ಲಿ ಅಂತ ಕಾಯ್ತಿದ್ದೆ.”

ಮರುದಿನವೇ ಡಾಕ್ಟರಿಗೆ ತೋರಿಸಿದೆವು. ಹುಣ್ಣು ಒಣಗಲು ತಿಂಗಳುಗಳೇ ಬೇಕಾದವು, ಬೆರಳು ಉಳಿಯಿತು. ಮಗನಿಗೆ ಅವರೇ ಹೇಳಿದರು, ತಮಗೆ ಬೇಕಾದಾಗ. ಇದನ್ನು ಬರೆಯುವುದಕ್ಕೂ ಅವರನ್ನು ಕೇಳಿದ್ದೇನೆ, ಒಂದೇ ಸಲ ಕೇಳಿದೆ, ಬರಿ ಎಂದರು. ಆದರೆ ಅವತ್ತು ಆ ಮುಚ್ಚಿದ ಬಾಗಿಲ ಹಿಂದೆ ನಾನು ಅವರ ಕೋಣೆಯ ಬಚ್ಚಲಿನಲ್ಲಿ ಕೈ ತೊಳೆದುಕೊಂಡು ಬಂದು, ನೆಲದ ಮೇಲೆ ಕೂತು, ಅವರ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೊರಗಿನಿಂದ ಮಗಳು, ಫೋಟೋ ತೆಗೆಯಬೇಕು ಬಾ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಪೇಶೆಂಟ್ ಹತ್ತಿರ ಇದ್ದೇನೆ, ಸ್ವಲ್ಪ ತಾಳು ಎಂದು ಹೇಳಿ, ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡೆ.